ಪದ್ಮಾವತಿ ಅಮ್ಮನಿಗೆ ನಾನು ಕೊಟ್ಟ ನೀರು

ಯೇಸುಸ್ವಾಮಿಯಲ್ಲಿ ಪ್ರಿಯರಾದ ನಿಮಗೆಲ್ಲರಿಗೂ ಹಿಲ್ಡಾಳ ವಂದನೆ. ಕಳೆದ ವರ್ಷ, ಈಸ್ಟರಿಗೆ ಮೊದಲಿನ ಉಪವಾಸದ ತಪಸ್ಸುಕಾಲ ಶುರುವಾದ ವಾರದಲ್ಲೇ, ಬೆಳ್ಮಣ್ಣಿನ ಒಂದು ಮನೆಯ ಅಂಗಳದಲ್ಲಿ, ಇನ್ನೂ ಎತ್ತದ ಹೆಣದ ಎದುರಿಗೆ ನನ್ನನ್ನು ನಿಲ್ಲಿಸಿ ಕಳ್ಳಿಯನ್ನು ಕೇಳುವ ಹಾಗೆ ಕೇಳಿದರು. ಸಾಯುತ್ತಿದ್ದ ಬ್ರಾಹ್ಮಣ ಅಮ್ಮನಿಗೆ ನಾನು ಕದ್ದು ಜ್ಞಾನಸ್ನಾನದ ನೀರು ಕೊಟ್ಟು ಕ್ರಿಶ್ಚಿಯನ್ ಮಾಡಿದೆನಂತೆ. ಆ ಒಂದು ಮಾತು ನನ್ನ ಕೆಲಸವನ್ನು ತಿಂದಿತು, ನಿದ್ದೆಯನ್ನು ತಿಂದಿತು, ನನ್ನನ್ನು ಜೈಲಿನ ಬಾಗಿಲ ತನಕ ತಂದು ನಿಲ್ಲಿಸಿತು. ಅಲ್ಲಿಂದ ದೇವರು ನನ್ನನ್ನು ಹೇಗೆ ಹೊರಗೆ ತಂದರು ಎಂಬುದನ್ನು ಬರೆಯುತ್ತೇನೆ. ಓದಿ ಕೆಲವರಿಗೆ ನನ್ನ ಮೇಲೆ ಇನ್ನೂ ಸಿಟ್ಟು ಬರಬಹುದು. ಬರಲಿ.

ನಾನು ಶಿರ್ವದ ಹತ್ತಿರದವಳು. ಮಣಿಪಾಲದ ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ ಮಾಡಿ ಬಿಟ್ಟ ಮೇಲೆ ಉಡುಪಿಯ ಒಂದು ಏಜೆನ್ಸಿಯ ಮೂಲಕ ಹೋಮ್ ನರ್ಸ್ ಆಗಿ ರೋಗಿಗಳ ಮನೆಗೆ ಹೋಗುತ್ತೇನೆ. ಹೋಗುತ್ತಿದ್ದೆ ಎನ್ನಬೇಕು ಈಗ. ನನ್ನ ಗಂಡ ಲಾರೆನ್ಸ್ ಕಾಪುವಿನ ಬೇಕರಿಯೊಂದರಲ್ಲಿ ಒಲೆಯ ಮುಂದೆ ನಿಲ್ಲುವವರು. ಮಾತು ಬಹಳ ಕಡಿಮೆ. ಅವರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ ಎಂದು ನೆರೆಕರೆಯವರು ತಮಾಷೆ ಮಾಡುವುದುಂಟು. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ನಾನು ಸುಮ್ಮನಿದ್ದೆ ಎಂದು ಬರೆದಾಗ ಅದು ನನಗೆ ಎಷ್ಟು ಕಷ್ಟವಾಯಿತು ಎಂದು ನಿಮಗೆ ತಿಳಿಯಬೇಕು.

ಬೆಳ್ಮಣ್ಣಿನ ಪದ್ಮಾವತಿ ಅಮ್ಮನಿಗೆ ಪಾರ್ಶ್ವವಾಯು ಬಡಿದು ಒಂದು ಬದಿ ಬಿದ್ದುಹೋಗಿತ್ತು. ಮಣಿಪಾಲದಲ್ಲಿ ಬಹಳ ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳುಹಿಸಿದರು. ಆಗ ನಾನು ಹೋದೆ. ನುಂಗುವ ಶಕ್ತಿ ಪೂರ್ತಿ ಹೋಗಿತ್ತು. ಗಂಜಿ, ಔಷಧಿ, ನೀರು ಎಲ್ಲ ಮೂಗಿನ ನಳಿಕೆಯಲ್ಲೇ. ಬಾಯಿಗೆ ಒಂದು ಹನಿಯೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ನನಗೆ ಖಡಾಖಂಡಿತವಾಗಿ ಹೇಳಿದ್ದರು. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ, ಅಷ್ಟೇ. ಆ ಬಟ್ಟೆಯನ್ನು ಅವರು ತುಟಿಯಿಂದ ಹಿಡಿದುಕೊಳ್ಳಲು ನೋಡುತ್ತಿದ್ದರು. ಅಷ್ಟು ಬಾಯಾರಿಕೆ.

ಅಮ್ಮನಿಗೆ ಒಬ್ಬಳೇ ಮಗಳು, ವಸುಧಾ. ಗಂಡನ ಜೊತೆ ಮಸ್ಕತ್ತಿನಲ್ಲಿ ಇದ್ದಾಳೆ. ಗಂಡುಮಕ್ಕಳಿಲ್ಲ. ಊರಲ್ಲಿ ಎಲ್ಲ ನೋಡಿಕೊಳ್ಳುತ್ತಿದ್ದದ್ದು ಅಮ್ಮನ ಮೈದುನನ ಮಗ ಗುರುಪ್ರಸಾದ. ಬೆಳ್ಮಣ್ ಪೇಟೆಯಲ್ಲಿ ಅಂಗಡಿ. ಬೆಳಿಗ್ಗೆ ಬಂದು ದೇವರ ಪೂಜೆ ಮಾಡಿ, ದೊಡ್ಡಮ್ಮನ ಕಾಲು ಮುಟ್ಟಿ, ಆಮೇಲೆ ಅಂಗಡಿಗೆ ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಇದನ್ನೂ ನಾನು ಬರೆಯಬೇಕು.

ಅವರ ಮನೆ, ಅವರ ಕ್ರಮ. ಅಡಿಗೆಗೆ ಬೆಳಿಗ್ಗೆ ಒಬ್ಬ ಹೆಂಗಸು ಬಂದು ಹೋಗುತ್ತಿದ್ದರು, ಅಡಿಗೆಮನೆಯ ಒಳಗೆ ನಾನು ಹೋಗುತ್ತಿರಲಿಲ್ಲ. ದೇವರ ಕೋಣೆಯಂತೂ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದೂ ನೋಡಿದವಳಲ್ಲ. ನನಗೆ ಅದರಿಂದ ಬೇಸರವೂ ಇರಲಿಲ್ಲ. ನಮ್ಮ ಇಗರ್ಜಿಯ ಪೀಠದ ಮೇಲೆ ಯಾರಾದರೂ ಹತ್ತಿದರೆ ನಾವು ಬಿಡುತ್ತೇವಾ?

ಅವತ್ತು ಮಧ್ಯಾಹ್ನ ಅಮ್ಮನ ಉಸಿರು ಬದಲಾಯಿತು. ಅಂಥ ಉಸಿರನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಾ ನಿಲ್ಲಬೇಕಾಗುತ್ತದೆ. ಮನೆಯಲ್ಲಿ ನಾನೊಬ್ಬಳೇ. ಆ ಮನೆಯ ಒಳಗೆ ಫೋನಿಗೆ ಸಿಗ್ನಲ್ ಇಲ್ಲ, ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಓಡಿಹೋಗಿ ವಸುಧಾಳಿಗೆ ಫೋನ್ ಮಾಡಿ, ಅಮ್ಮ ಹೊರಟಿದ್ದಾರೆ ಮಗಾ, ಇನ್ನು ಡಾಕ್ಟರನ್ನು ಕರೆದು ಪ್ರಯೋಜನ ಇಲ್ಲ ಎಂದೆ.

ಆ ಕಡೆಯಿಂದ ಹುಡುಗಿ ಕೂಗಿದಳು: “ಹಿಲ್ಡಕ್ಕ, ದೇವರ ಕೋಣೆಯಲ್ಲಿ ಸಣ್ಣ ತಾಮ್ರದ ಗಿಂಡಿ ಉಂಟು. ಕಾಶಿಯಿಂದ ತಂದ ಗಂಗೆ. ತುಳಸಿ ಎಲೆ ಹಾಕಿ ಅಮ್ಮನ ಬಾಯಿಗೆ ಬಿಡಿ. ಕಿವಿಯಲ್ಲಿ ನಾರಾಯಣ ಅಂತ ಹೇಳಿ.”

“ನಾನಾ? ದೇವರ ಕೋಣೆಗಾ? ಗುರುಪ್ರಸಾದರಿಗೆ ಫೋನ್ ಮಾಡು.”

“ಮಾಡ್ತೇನೆ. ಆದರೆ ಅವನು ಬರುವ ತನಕ ಅಮ್ಮ ಇರ್ತಾರಾ? ಅದೊಂದು ಸಿಗದೆ ಹೋಗಬಾರದು ಅಂತ ಅಮ್ಮ ಯಾವಾಗಲೂ ಹೇಳ್ತಿದ್ದರು. ನಿಮ್ಮ ದಮ್ಮಯ್ಯ ಅಕ್ಕ, ನಿಮ್ಮ ಕಾಲಿಗೆ ಬೀಳ್ತೇನೆ...” ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನಾನು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತೆ. ಒಂದು ಕಡೆ ಆ ಮನೆಯ ಕ್ರಮ, ಇನ್ನೊಂದು ಕಡೆ ಬಾಯಿಗೆ ಹನಿ ಹಾಕಬಾರದು ಎಂಬ ಡಾಕ್ಟರ ಮಾತು, ಮತ್ತೊಂದು ಕಡೆ ನನ್ನ ಸ್ವಂತ ದೇವರು. ಒಳಗಿನಿಂದ ಅಮ್ಮನ ಉಸಿರು ಕೇಳುತ್ತಿತ್ತು. ಸ್ವಾಮಿ, ತಪ್ಪಾದರೆ ನನ್ನ ತಲೆಯ ಮೇಲೆಯೇ ಇರಲಿ ಎಂದು ಹೇಳಿ ದಾಟಿದೆ. ಗಿಂಡಿಯ ಬಾಯಿಗೆ ಬೆಸುಗೆ ಹಾಕಿತ್ತು. ಡ್ರೆಸ್ಸಿಂಗ್ ಕತ್ತರಿಯ ಮೊನೆಯಿಂದ ಎಬ್ಬಿಸಿದೆ. ಅಂಗಳದ ಕಟ್ಟೆಯಿಂದ ತುಳಸಿ ಎಲೆ ಕಿತ್ತು ತಂದೆ. ಔಷಧಿಯ ಚಮಚದಲ್ಲಿ ನೀರು ತೆಗೆದು ಅಮ್ಮನ ಬಾಯಿಗೆ ಬಿಟ್ಟೆ. ಕಿವಿಗೆ ಬಾಗಿ ನಾರಾಯಣ, ನಾರಾಯಣ ಎಂದು ಹೇಳುತ್ತಲೇ ಹೋದೆ. ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಂತಿತು.

ಸಾವು ನೋಡಿದಾಗ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ. ವಾರ್ಡಿನ ಕಾಲದಿಂದಲೂ ಹಾಗೆಯೇ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಿಂದ ನನ್ನ ಎದೆಯ ಮೇಲೆ ಶಿಲುಬೆಯ ಗುರುತು, ಕಣ್ಣು ಮುಚ್ಚಿದೆ, ತುಟಿ ಅಲ್ಲಾಡುತ್ತಿದೆ. ಆಗಲೇ ಗುರುಪ್ರಸಾದರು ಬಾಗಿಲಿಗೆ ಬಂದು ನಿಂತರು.

“ಎಂತ ಮಾಡಿದಿರಿ ನೀವು? ನಮ್ಮ ದೊಡ್ಡಮ್ಮನಿಗೆ ಎಂತ ಮಾಡಿದಿರಿ?”

ಅವರು ಕಂಡದ್ದು ಸುಳ್ಳಲ್ಲ. ಸಾಯುವವರಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ನಮ್ಮಲ್ಲಿ ಉಂಟು ಎಂದು ಅವರು ಎಲ್ಲೋ ಕೇಳಿದ್ದರು. ಅವರ ಕ್ರಮದಲ್ಲೂ ಸಾಯುವ ಹೊತ್ತಿಗೆ ನೀರು, ನಮ್ಮ ಕ್ರಮದಲ್ಲೂ ನೀರು. ಯಾವ ನೀರು ಎಂದು ದೂರ ನಿಂತವರಿಗೆ ಹೇಗೆ ಗೊತ್ತಾಗಬೇಕು? ಇದು ಗಂಗೆಯ ನೀರು, ಜ್ಞಾನಸ್ನಾನ ಅಲ್ಲ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಗಿಂಡಿ ಹಿಡಿದುಕೊಂಡು ಅಳುತ್ತಿದ್ದರು.

ಮರುದಿನ ಬೆಳಿಗ್ಗೆ ವಸುಧಾ ಬಂದು ಇಳಿದಳು. ಅಂಗಳದಲ್ಲಿ ನೆಂಟರೆಲ್ಲ ಸೇರಿದ್ದರು. ಹಿರಿಯರೊಬ್ಬರು ನನ್ನನ್ನು ಕರೆದು ಕೇಳಿದರು: “ದೇವರ ಕೋಣೆಗೆ ಹೋಗಲು ನಿನಗೆ ಯಾರು ಹೇಳಿದ್ದು?”

ನಾನು ವಸುಧಾಳ ಮುಖ ನೋಡಿದೆ. ಅವರೂ ನೋಡಿದರು. “ನೀನು ಹೇಳಿದ್ದಾ ವಸುಧಾ?”

ಹುಡುಗಿ ನೆಲ ನೋಡಿದಳು. “ಅಮ್ಮನಿಗೆ ಸೀರಿಯಸ್ ಅಂತ ಹೇಳಿದರು, ಆಮೇಲೆ ಫೋನ್ ಕಟ್ಟಾಯಿತು. ನನಗೆ ಬೇರೆ ಎಂತದೂ ಗೊತ್ತಿಲ್ಲ.”

ಏ ಹುಡುಗಿ, ನಿನ್ನೆ ದಮ್ಮಯ್ಯ ಹಾಕಿದ ಬಾಯಿ ಇದೇನಾ ಎಂದು ಕೇಳಲು ಮಾತು ಗಂಟಲಿಗೆ ಬಂದಿತ್ತು. ಆಗ ಕಂಡಿತು. ಗುರುಪ್ರಸಾದರು ಒದ್ದೆ ಬಟ್ಟೆಯಲ್ಲಿ ಹೆಣದ ತಲೆಯ ಹತ್ತಿರ ಕೂತಿದ್ದರು. ಬೆಂಕಿ ಕೊಡಬೇಕಾದವರು ಅವರು. ಮಗನಿಲ್ಲದ ತಾಯಿಗೆ ಅವರಲ್ಲದೆ ಯಾರೂ ಇಲ್ಲ. ಕ್ರಿಶ್ಚಿಯನ್ ಹೆಂಗಸನ್ನು ದೇವರ ಕೋಣೆಗೆ ಕಳಿಸಿದವಳು ಮಗಳೇ ಎಂದು ಆ ಹೊತ್ತಿಗೆ ಗೊತ್ತಾಗಿ ಅವರು ಎದ್ದು ನಡೆದರೆ ಆ ಹೆಣ ಅಂಗಳದಲ್ಲೇ ಇರಬೇಕು. ಹುಡುಗಿ ಅದಕ್ಕೇ ಹೆದರಿದ್ದಳು.

“ಮನೆಯವರು ಹೇಳಿದ್ದಕ್ಕೇ ಮಾಡಿದ್ದು. ಜ್ಞಾನಸ್ನಾನ ಕೊಟ್ಟಿಲ್ಲ” ಎಂದೆ. ಮತ್ತೆ ಬಾಯಿ ತೆರೆಯಲಿಲ್ಲ. ಚೀಲ ತೆಗೆದುಕೊಂಡು ಹೊರಟೆ. ಗೇಟಿನ ತನಕ ಯಾರೋ ಹಿಂದಿನಿಂದ ಬೈಯುತ್ತಾ ಬಂದರು.

ಒಂದು ವಾರದೊಳಗೆ ಠಾಣೆಯಿಂದ ಕರೆ ಬಂತು. ಗುರುಪ್ರಸಾದರು ಕೊಟ್ಟ ಮತಾಂತರದ ದೂರು. ಸಾಹೇಬರು ಕೆಟ್ಟವರೇನಲ್ಲ, ಕೂರಲು ಹೇಳಿದರು. ಕಳಿಸಿದವರ ಹೆಸರೊಂದನ್ನು ಬಿಟ್ಟು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅಲ್ಲ ಬಾಯಮ್ಮ, ಕ್ರಿಶ್ಚಿಯನ್ ಆಗಿ ನೀವು ನಾರಾಯಣ ಅಂತ ಹೇಳಿದಿರಾ? ನಮ್ಮ ಕಿವಿ ಮೇಲೆ ಹೂ ಇಡ್ತೀರಾ?”

“ಹೇಳಿದೆ ಸರ್. ಅವರ ಮನೆಯವರು ಹೇಳಿದ್ದಕ್ಕೆ ಹೇಳಿದೆ.”

“ಮನೆಯವರು ಅಂದರೆ ಯಾರು? ಹೆಸರು ಹೇಳಿ. ಮಗಳ ಹತ್ತಿರ ಫೋನಲ್ಲಿ ಮಾತಾಡಿದ್ದು ಗೊತ್ತುಂಟು. ಆದರೆ ಅವರು ಹಾಗೆ ಹೇಳಿಲ್ಲ ಅಂತ ದೂರಿನಲ್ಲಿ ಉಂಟಲ್ಲ?”

ನಾನು ಸುಮ್ಮನಾದೆ. ಸಾಹೇಬರು ಪೆನ್ನು ಕೆಳಗಿಟ್ಟು, ಹೀಗೆ ಬಾಯಿ ಕಟ್ಟಿಕೊಂಡು ಕೂತರೆ ಕೇಸು ಆಗುತ್ತದೆ, ಅರೆಸ್ಟೂ ಆಗಬಹುದು ಎಂದರು.

ಏಜೆನ್ಸಿಯವರು ನನಗೆ ಮುಂದಿನ ಮನೆ ಕೊಡಲಿಲ್ಲ. ಕಾರ್ಕಳದಲ್ಲಿ ಒಬ್ಬ ಅಜ್ಜನ ಹಾಸಿಗೆ ಹುಣ್ಣಿಗೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಲು ಹೋಗುತ್ತಿದ್ದೆ. ಅವರ ಸೊಸೆ ಗೇಟಿನಲ್ಲೇ ನಿಲ್ಲಿಸಿ, ನಮಗೆ ತೊಂದರೆ ಬೇಡ ಬಾಯಮ್ಮ ಎಂದಳು. ಹುಣ್ಣು ಒಣಗುತ್ತಾ ಬಂದಿತ್ತು. ಬಸ್ಸಿನಲ್ಲಿ ನಾನು ಕೂತ ಸೀಟಿನಿಂದ ಒಬ್ಬಾಕೆ ಎದ್ದು ಹೋಗಿ ನಿಂತುಕೊಂಡಳು. ಪರಿಚಯದವಳೇ. ಸಾಯುವವರ ಮಂಚದ ಬಳಿ ಮೋಸ ಮಾಡಿದವಳು ಎಂಬ ಹೆಸರು ಬಿದ್ದ ಮೇಲೆ ನರ್ಸಿಗೆ ಇನ್ನೇನು ಉಳಿಯುತ್ತದೆ? ಯಾರು ತಮ್ಮ ತಾಯಿಯನ್ನು ನನ್ನ ಕೈಗೆ ಕೊಡುತ್ತಾರೆ?

ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಅಂಗಳದ ಶಿಲುಬೆಗೆ ಯಾರೋ ಕರಿ ಎಂಜಿನ್ ಆಯಿಲ್ ಸುರಿದಿದ್ದರು. ಬುಡದಲ್ಲಿ ನಾನು ಇಟ್ಟಿದ್ದ ಅಬ್ಬಲಿಗೆ ಹೂವಿನ ಮೇಲೂ ಆಯಿಲ್. ಲಾರೆನ್ಸ್ ಬಕೆಟ್ ತಂದರು. ಇಬ್ಬರೂ ಕೂತು ತೆಂಗಿನ ನಾರಿನಿಂದ, ಸೋಪಿನ ಪುಡಿಯಿಂದ ಉಜ್ಜಿದೆವು. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರು. ಯಾರೂ ನಿಲ್ಲಲಿಲ್ಲ.

ಉಜ್ಜುತ್ತಾ ಉಜ್ಜುತ್ತಾ ನನ್ನ ಗಂಡ ಬಾಯಿ ಬಿಟ್ಟರು. “ಆ ಹುಡುಗಿಯ ಹೆಸರು ಹೇಳು ಮಾರಾಯ್ತಿ. ಹೇಳಿ ಮುಗಿಸು. ಯಾಕೆ ಹೀಗೆ ಸಾಯ್ತಿ?”

“ಹೇಳಿದರೆ ಅವಳು ಇಲ್ಲ ಅಂತಾಳೆ. ಅಂಗಳದಲ್ಲಿ ಒಂದು ಸುಳ್ಳು ಆಯಿತು. ನನ್ನಿಂದಾಗಿ ಠಾಣೆಯಲ್ಲಿ ಇನ್ನೊಂದು ಹೇಳಬೇಕಾ ಅವಳು? ತಾಯಿಯ ಬೂದಿ ಇನ್ನೂ ಬಿಸಿ ಉಂಟು.”

“ಮತ್ತೆ ನೀನು?”

ನಾನು ನಾರಿಗೆ ಇನ್ನಷ್ಟು ಸೋಪಿನ ಪುಡಿ ಹಾಕಿದೆ. ನನ್ನನ್ನು ದೊಡ್ಡ ಸಂತಳು ಎಂದು ತಿಳಿಯಬೇಡಿ. ಜಪಸರ ಹಿಡಿದುಕೊಂಡೇ, ಆ ಗುರುಪ್ರಸಾದನ ನಾಲಿಗೆ ಬಿದ್ದುಹೋಗಲಿ, ಅವನ ಅಂಗಡಿಗೆ ಒಂದು ನರಪಿಳ್ಳೆಯೂ ಬಾರದಿರಲಿ ಎಂದು ಬೇಡಿದ್ದೇನೆ. ಮುಂದಿನ ಮಣಿಗೆ ಬರುವಾಗ ನಾಚಿಕೆಯಾಗಿ, ಇಲ್ಲ ಸ್ವಾಮಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದೂ ಹೇಳಿದ್ದೇನೆ. ಕಡೆಗೆ ಒಂದೇ ಒಂದು ಬೇಡಿಕೆ ಉಳಿಯಿತು. ಸ್ವಾಮಿ, ನಿಜ ಗೊತ್ತಾಗಲಿ. ಯಾರನ್ನೂ ನನ್ನ ಬಾಯಿಂದ ಬೀಳಿಸದೆ ನಿಜ ಗೊತ್ತಾಗಲಿ. ಅದಾಗುವ ದಾರಿ ಮಾತ್ರ ನನಗೆ ಎಲ್ಲೂ ಕಾಣುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ಬೆಚ್ಚಗಿದ್ದ ಜಾಗ ಒಂದೇ, ನಮ್ಮ ಪ್ರಾರ್ಥನಾ ಕೂಟ. ಒಂದು ಭಾನುವಾರ ಸಂಜೆ ಇಗರ್ಜಿಯ ಹಾಲ್‌ನಲ್ಲಿ ಎಲ್ಲರೂ ಸೇರಿದ್ದರು. ನನ್ನನ್ನು ಮುಂದೆ ಕೂರಿಸಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಕೂಟದ ಹಿರಿಯ ಹೆಂಗಸು ಐರಿನ್ ಬಾಯಿ ನನ್ನನ್ನು ತಬ್ಬಿಕೊಂಡು ಅತ್ತರು. ಎಷ್ಟೋ ದಿನದ ಮೇಲೆ ಒಬ್ಬರು ನನ್ನನ್ನು ಮುಟ್ಟಿದ್ದು. ನಾನೂ ಅತ್ತುಬಿಟ್ಟೆ.

ಆಮೇಲೆ ಕೂಟದ ಮುಖ್ಯಸ್ಥರಾದ ವಲ್ಲಿಬಾಬ್ ಮೈಕ್ ಹಿಡಿದರು. ಒಳ್ಳೆಯ ಮನುಷ್ಯ, ನನ್ನ ಸಂಕಟಕ್ಕೆ ಮನಸಾರೆ ಉಪವಾಸ ಮಾಡಿದವರು. “ನಮ್ಮ ಹಿಲ್ಡಾ ಒಂದು ಆತ್ಮವನ್ನು ಕಟ್ಟಕಡೆಯ ಗಳಿಗೆಯಲ್ಲಿ ಸ್ವಾಮಿಯ ಕೈಗೆ ಒಪ್ಪಿಸಿದ್ದಾಳೆ. ಅದಕ್ಕಾಗಿ ಈ ಹಿಂಸೆ. ಠಾಣೆಯಲ್ಲಿ ಅವಳು ಹೇಳಲಾರಳು, ನಮಗೆ ಅರ್ಥವಾಗುತ್ತದೆ. ಸ್ವರ್ಗಕ್ಕೆ ಗೊತ್ತುಂಟು!” ಹಾಲ್ ಪೂರ್ತಿ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹಲ್ಲೆಲೂಯಾ ಎಂದು ಕೂಗಿತು.

ಇವರೂ ಅದನ್ನೇ ನಂಬಿದ್ದಾರೆ! ಗುರುಪ್ರಸಾದರು ಬೈದು ಹೇಳಿದ್ದನ್ನು ಇವರು ಹೊಗಳಿ ಹೇಳುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಸುಮ್ಮನೆ ತಲೆ ಬಗ್ಗಿಸಿ ಕೂತರೆ ಸಾಕಿತ್ತು. ಆ ಹಾಲ್‌ನಲ್ಲಿ ನಾನು ಸಾಯುವ ತನಕ ದೊಡ್ಡವಳಾಗಿ ಇರಬಹುದಿತ್ತು. ನನಗೆ ಬೇರೆ ಯಾರೂ ಉಳಿದಿರಲಿಲ್ಲ, ಅದನ್ನು ನೆನಪಿಡಿ. ಲಾರೆನ್ಸ್ ಹಿಂದಿನ ಸಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ನಾನು ಎದ್ದೆ. ಮೈಕ್ ಬೇಕಾಗಲಿಲ್ಲ.

“ಇಲ್ಲ ವಲ್ಲಿಬಾಬ್. ನಾನು ಜ್ಞಾನಸ್ನಾನ ಕೊಡಲಿಲ್ಲ. ಕೊಟ್ಟಿದ್ದರೆ ಅವರು ಹೇಳುವ ಮೋಸ ನಿಜವೇ ಆಗುತ್ತಿತ್ತು. ಬಾಯಿ ಬಾರದ ಮುದುಕಿಗೆ, ಕೇಳದೆ ಮಾಡದೆ, ಕದ್ದು ಕೊಡುವುದಾ? ಅವರ ದೇವರ ಕೋಣೆಯ ಗಂಗೆಯ ನೀರು ಕೊಟ್ಟೆ. ನಾರಾಯಣ ಅಂತ ಹೇಳಿದೆ. ಎದೆಗೆ ಹಾಕಿದ ಶಿಲುಬೆ ನನ್ನ ಎದೆಗೆ, ಅವರಿಗೆ ಅಲ್ಲ.”

ಚಪ್ಪಾಳೆ ನಿಂತಿತು.

“ಅನ್ಯ ದೇವರ ಹೆಸರನ್ನು ನಿನ್ನ ಬಾಯಿಂದ ಹೇಳಿದೆಯಾ?” ವಲ್ಲಿಬಾಬರ ಮುಖ ಕಪ್ಪಿಟ್ಟಿತ್ತು.

“ಆ ಕಿವಿಗೆ ಬೇಕಾಗಿದ್ದ ಹೆಸರು ಅದು. ನಾಳೆ ನಾನು ಯಾರೂ ಇಲ್ಲದೆ ಯಾವುದೋ ವಾರ್ಡಿನಲ್ಲಿ ಸಾಯುವಾಗ ಪಕ್ಕದಲ್ಲಿ ಒಬ್ಬ ಹಿಂದೂ ನರ್ಸ್ ಇದ್ದು, ನನ್ನ ಕಿವಿಯಲ್ಲಿ ಯೇಸು ಅಂತ ಹೇಳಿದರೆ ನಿಮಗೆ ಬೇಸರವಾ?”

ಐರಿನ್ ಬಾಯಿ ನನ್ನ ಪಕ್ಕದ ಕುರ್ಚಿಯಿಂದ ಎದ್ದು ಹೋದರು. ಒಬ್ಬೊಬ್ಬರಾಗಿ ಹೊರಗೆ ನಡೆದರು. ನಮ್ಮ ಇಗರ್ಜಿಯ ಮುಖ್ಯ ಗುರುಗಳಾದ ವಿಗಾರ್ ಫಾದರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ನನ್ನ ಹತ್ತಿರ ಬಂದು, “ಹೇಳಿದ್ದರಲ್ಲಿ ಸುಳ್ಳು ಕಟ್ಟಿದ್ದು ಒಂದೂ ಇಲ್ಲ ಅಲ್ವಾ ಹಿಲ್ಡಾ? ಹಾಗಾದರೆ ಮನೆಗೆ ಹೋಗಿ ಊಟ ಮಾಡು” ಎಂದರು. ಆ ದಿನ ನನಗೆ ಸಿಕ್ಕಿದ ಒಳ್ಳೆಯ ಮಾತು ಅದೊಂದೇ.

ಇನ್ನು ನಾನು ಹಿಂದೂಗಳಿಗೂ ಬೇಡ, ನಮ್ಮವರಿಗೂ ಬೇಡ. ಭಾನುವಾರದ ಪೂಜೆಗೆ ಹೋದರೆ ನನ್ನ ಬೆಂಚಿನಲ್ಲಿ ಲಾರೆನ್ಸ್ ಬಿಟ್ಟರೆ ಯಾರೂ ಇಲ್ಲ. ನಾನು ದೇವರಿಗೆ ಕೇಳಿದೆ, ಸ್ವಾಮಿ, ನಿಜ ಹೇಳಿದ್ದಕ್ಕೆ ಇದಾ ಸಂಬಳ? ಇನ್ನು ಯಾರ ಮುಂದೆ ಹೇಳಬೇಕು? ಅಷ್ಟರಲ್ಲಿ ಠಾಣೆಯಿಂದ ಮತ್ತೆ ಫೋನ್ ಬಂತು. ಬೆಳ್ಮಣ್ಣಿನವರು ಬಿಡುತ್ತಿಲ್ಲ, ಈ ಸಲ ಕೇಸು ದಾಖಲಾಗುತ್ತದೆ, ನಾಡಿದ್ದು ಬನ್ನಿ.

ನನಗೆ ಗೊತ್ತಿಲ್ಲದ ಒಂದು ಸ್ವಾರಸ್ಯ ಆ ಹೊತ್ತಿಗೆ ನಡೆದುಹೋಗಿತ್ತು. ಐರಿನ್ ಬಾಯಿಗೆ ನನ್ನ ಮೇಲೆ ಕುದಿಯುವ ಸಿಟ್ಟು. ಅವರು ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ನಮ್ಮವರೇ ಆದ ಇನ್ನೊಬ್ಬ ಹೆಂಗಸಿನ ಹತ್ತಿರ, ಬಸ್ಸಿಗೆ ಬಸ್ಸೇ ಕೇಳುವ ಹಾಗೆ, “ಎಂಥ ಹೆಂಗಸು ಮಾರಾಯ್ತಿ! ಹಾಲ್ ತುಂಬ ಜನರ ಮುಂದೆ ಎದ್ದು ನಿಂತು, ನಾನು ನಾರಾಯಣ ಅಂತಲೇ ಹೇಳಿದ್ದು, ಗಂಗೆಯ ನೀರೇ ಕೊಟ್ಟದ್ದು ಅಂತಾಳೆ. ನಾಚಿಕೆ ಬೇಡವಾ?” ಎಂದು ಜರೆದರಂತೆ. ಮುಂದಿನ ಸೀಟಿನಲ್ಲಿ ಕೂತಿದ್ದವರು ಪದ್ಮಾವತಿ ಅಮ್ಮನ ಮನೆಗೆ ಅಡಿಗೆಗೆ ಬರುವ ಹೆಂಗಸು. ಬೆಳ್ಮಣ್ಣಿನಲ್ಲಿ ಇಳಿದವರೇ ಸೀದಾ ಹೋಗಿ ವಸುಧಾಳ ಮುಂದೆ ಎಲ್ಲವನ್ನೂ ಹೇಳಿದರು. ಪೊಲೀಸರ ಮುಂದೆ ಹೇಳಿದ್ದಾದರೆ ತಪ್ಪಿಸಿಕೊಳ್ಳಲು ಹೇಳಿದ್ದು ಎನ್ನಬಹುದು. ನಮ್ಮವರ ಮುಂದೆ ಹಾಗೆ ಹೇಳಿ ನನಗೆ ಸಿಗುವುದೇನು? ಬೈಗುಳ ಬಿಟ್ಟರೆ ಏನಿಲ್ಲ ಎಂದು ವಸುಧಾಳಿಗೆ ಹೊಳೆಯಿತಂತೆ. ತಾಯಿಯ ತಿಂಗಳ ಕರ್ಮ ಮುಗಿಸಿ ಹೋಗಬೇಕೆಂದು ಆ ಹುಡುಗಿ ಇನ್ನೂ ಊರಲ್ಲೇ ಇದ್ದಳು. ಅವತ್ತು ಅವಳಿಗೆ ಊಟ ಸೇರಲಿಲ್ಲವಂತೆ.

ನನಗೆ ಇದ್ಯಾವುದೂ ಗೊತ್ತಿಲ್ಲ. ಲಾರೆನ್ಸ್ ಬೇಕರಿಗೆ ರಜೆ ಹಾಕಿ ನನ್ನ ಬಿಪಿ ಮಾತ್ರೆ, ಒಂದು ಸೀರೆ, ಟವೆಲ್ ಎಲ್ಲ ಚೀಲಕ್ಕೆ ತುಂಬಿದರು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಠಾಣೆಯ ಎದುರು ಇಳಿಯುವಾಗ ಹೆದರಿಕೆಯಾಗುತ್ತದೆ ಎಂದು ಅವರಿಗೆ ಹೇಳಿದೆ. ನನಗೂ ಎಂದರು.

ಒಳಗೆ ಗುರುಪ್ರಸಾದರೂ ಆ ಹಿರಿಯರೂ ಕೂತಿದ್ದರು. ಸಾಹೇಬರು ಕೊನೆಯ ಸಲ ಕೇಳುತ್ತೇನೆ ಬಾಯಮ್ಮ ಎಂದು ಶುರುಮಾಡಿದ್ದರು, ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ವಸುಧಾ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಮೇಜಿನ ಹತ್ತಿರ ನಿಂತು ಒಂದೇ ಉಸಿರಿಗೆ ಹೇಳಿದಳು.

“ಸರ್, ಹೇಳಿದ್ದು ನಾನು. ದೇವರ ಕೋಣೆಗೆ ಹೋಗಿ ಅಂತ ಹೇಳಿದ್ದೂ ನಾನು, ನೀರು ಬಿಡಿ, ನಾರಾಯಣ ಹೇಳಿ ಅಂತ ಕಾಲಿಗೆ ಬಿದ್ದು ಬೇಡಿದ್ದೂ ನಾನು. ಅಂಗಳದಲ್ಲಿ ಸುಳ್ಳು ಹೇಳಿದ್ದೂ ನಾನೇ. ಇವರು ನನ್ನ ಹೆಸರು ಎಲ್ಲೂ ಹೇಳಲಿಲ್ಲ.”

ಹಿರಿಯರು ಮುಖ ತಿರುಗಿಸಿದರು. ಗುರುಪ್ರಸಾದರು ಎದ್ದು ನಿಂತರು. ಅವರು ಜಗಳಕ್ಕೆ ಬರುತ್ತಾರೆ ಎಂದು ನಾನು ಹೆದರಿದೆ. ಅವರ ದನಿ ಮಾತ್ರ ಬಹಳ ಸಣ್ಣಗೆ ಬಂತು.

“ಅಂದರೆ ಮೊದಲು ಅವರಿಗೆ ಹೇಳಿ, ಆಮೇಲೆ ನನಗೆ ಫೋನ್ ಮಾಡಿದ್ದಾ ಅಕ್ಕ? ದೊಡ್ಡಮ್ಮನಿಗೆ ನೀರು ಬಿಡುವುದು ನನ್ನ ಕೈಯಲ್ಲಿ ಆಗಬೇಕಿತ್ತು. ನಾನು ಸ್ಕೂಟರ್ ಎಷ್ಟು ಜೋರು ಓಡಿಸಿದ್ದೆ ಗೊತ್ತುಂಟಾ ನಿಂಗೆ?”

ಅವರು ಅಷ್ಟೂ ದಿನ ನನ್ನ ಮೇಲೆ ಕಾರಿದ್ದು ಏನು ಎಂದು ನನಗೆ ಆಗ ತಿಳಿಯಿತು. ಪ್ರತಿದಿನ ಕಾಲು ಮುಟ್ಟಿ ಹೋಗುತ್ತಿದ್ದ ಮಗ, ಆ ಒಂದು ದಿನ ತಡವಾಗಿ ಬಂದು ತನ್ನ ಜಾಗದಲ್ಲಿ ನನ್ನನ್ನು ನೋಡಿದ್ದರು. ಅವರ ನಾಲಿಗೆ ಬಿದ್ದುಹೋಗಲಿ ಎಂದು ಬೇಡಿದ್ದು ನೆನಪಾಗಿ ಸಂಕಟವಾಯಿತು. ಅವರು ನನ್ನ ಹತ್ತಿರ ಕ್ಷಮೆ ಕೇಳಲಿಲ್ಲ. ದೂರು ಬೇಡ ಎಂದು ಸಾಹೇಬರಿಗೆ ಹೇಳಿ, ಸಹಿ ಹಾಕಿ, ಹೊರಗೆ ಹೋಗಿ ಸ್ಕೂಟರ್ ಹತ್ತಿದರು. ಇವತ್ತಿನ ತನಕ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ.

ಎಲ್ಲ ಸರಿಯಾಯಿತು ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಏಜೆನ್ಸಿಯವರು ಸ್ವಲ್ಪ ಸಮಯ ಹೋಗಲಿ ಎನ್ನುತ್ತಲೇ ಇದ್ದಾರೆ. ದೂರು ವಾಪಸ್ಸು ಹೋದದ್ದು ಯಾರ ಕಿವಿಗೂ ಬೀಳಲಿಲ್ಲ, ದೂರು ಬಂದದ್ದು ಎಲ್ಲರಿಗೂ ಗೊತ್ತು. ಪ್ರಾರ್ಥನಾ ಕೂಟಕ್ಕೆ ನನ್ನನ್ನು ಕರೆಯುವುದಿಲ್ಲ. ವಸುಧಾಳ ಜೊತೆ ನೆಂಟರು ಮಾತು ಬಿಟ್ಟಿದ್ದಾರೆ. ಶಿಲುಬೆಯ ಬುಡದ ಆಯಿಲ್ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಆದರೆ ಒಂದು ವಿಷಯ ಉಳಿದಿದೆ. ನಾನು ಈ ಸಾಕ್ಷಿ ಬರೆಯುತ್ತಿರುವುದೇ ಅದಕ್ಕಾಗಿ.

ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಒಂದು ಸಂಜೆ, ಮಸ್ಕತ್ತಿಗೆ ಹೊರಡುವ ಮೊದಲು, ವಸುಧಾ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಶಿಲುಬೆಯ ಹತ್ತಿರದ ಮೆಟ್ಟಿಲಲ್ಲಿ ಕೂತಳು. ಕ್ಷಮಿಸಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಹೇಗೂ ಕ್ಷಮಿಸಿ ಆಗಿತ್ತು. ಅವಳು ಸೆರಗಿನ ತುದಿ ಸುತ್ತುತ್ತಾ ಕೇಳಿದಳು.

“ಹಿಲ್ಡಕ್ಕ, ಅಮ್ಮ ನುಂಗಿದರಾ?”

ಅಯ್ಯೋ ದೇವರೇ! ಆ ಅಂಗಳದಲ್ಲಿ, ಠಾಣೆಯಲ್ಲಿ, ಹಾಲ್‌ನಲ್ಲಿ ನನ್ನನ್ನು ಕೇಳದವರಿಲ್ಲ. ಎಂತ ಹೇಳಿದೆ, ಯಾವ ನೀರು, ಯಾವ ದೇವರು, ಯಾರು ಕಳಿಸಿದ್ದು. ಆ ನೀರು ಮುದುಕಿಯ ಗಂಟಲಿಗೆ ಇಳಿಯಿತಾ ಎಂದು ಒಬ್ಬರೂ ಕೇಳಿರಲಿಲ್ಲ. ಈ ಹುಡುಗಿ ಫೋನ್ ಕಟ್ಟಾದ ಗಳಿಗೆಯಿಂದ ಅದೊಂದನ್ನೇ ಹೊತ್ತುಕೊಂಡು ತಿರುಗುತ್ತಿದ್ದಳು. ನನ್ನ ಹತ್ತಿರವಲ್ಲದೆ ಜಗತ್ತಿನಲ್ಲಿ ಇನ್ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸುಳ್ಳು ಹೇಳಿದ ಮೇಲೆ ನನ್ನ ಹತ್ತಿರ ಬಂದು ಕೇಳಲು ಅವಳಿಗೆ ಮುಖ ಇರಲಿಲ್ಲ.

ನಾನು ಅವಳ ಪಕ್ಕದಲ್ಲಿ ಕೂತೆ.

“ಹೆಚ್ಚು ಮಾಡಿ ಹೇಳುವುದಿಲ್ಲ ಮಗಾ, ನೋಡಿದ್ದನ್ನು ಹೇಳ್ತೇನೆ. ಮೊದಲ ಚಮಚ ಬಾಯಿಯಲ್ಲೇ ನಿಂತಿತು. ಕೆಮ್ಮುತ್ತಾರೆ ಅಂತ ನಾನು ತಲೆ ಎತ್ತಿ ಹಿಡಿದೆ. ಕೆಮ್ಮಲಿಲ್ಲ. ನಾರಾಯಣ ಅಂತ ಹೇಳುವಾಗ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ನನ್ನ ಬೆರಳು ಅಲ್ಲೇ ಇತ್ತು, ಬೆರಳಿಗೆ ಗೊತ್ತಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ಗಂಟಲು ಒಂದು ಸಲವೂ ಅಲ್ಲಾಡಿದ್ದನ್ನು ನಾನು ನೋಡಿಲ್ಲ. ಎರಡನೆಯ ಚಮಚ ಹೊರಗೆ ಹರಿಯಿತು, ನನ್ನ ಸೆರಗಿನಲ್ಲಿ ಒರೆಸಿದೆ. ಆದರೆ ಮೊದಲನೆಯದು ಇಳಿಯಿತು. ನಿನ್ನ ಅಮ್ಮ ನುಂಗಿದರು.”

ಅವಳು ಮಂಡಿಯ ಮೇಲೆ ಮುಖ ಇಟ್ಟು ಅತ್ತಳು. ಲಾರೆನ್ಸ್ ಒಳಗೆ ಹೋಗಿ, ಯಾರೂ ಹೇಳದೆಯೇ, ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದು ಮೆಟ್ಟಿಲ ಮೇಲೆ ಇಟ್ಟರು. ಮುಟ್ಟುತ್ತಾಳೋ ಇಲ್ಲವೋ ಎಂದು ನಾನು ಆ ಕಡೆ ನೋಡಲಿಲ್ಲ. ಅವಳು ಕಣ್ಣು ಒರೆಸಿಕೊಂಡು, ಲೋಟ ಎತ್ತಿ, ಪೂರ್ತಿ ಕುಡಿದಳು.

ನಿಜ ಗೊತ್ತಾಗಲಿ ಎಂದು ನಾನು ಬೇಡಿದ್ದು ನನ್ನ ಹೆಸರಿಗಾಗಿ. ಹೆಸರು ಅರ್ಧವೇ ಬಂತು. ಆದರೆ ಆ ಸಂಜೆ ಒಬ್ಬ ಮಗಳಿಗೆ ಬೇಕಾಗಿದ್ದ ನಿಜ ಪೂರ್ತಿಯಾಗಿ ನನ್ನ ಕೈಯಲ್ಲಿ ಇತ್ತು. ಅಂಗಳದಲ್ಲಿ ನಾನು ಬಾಯಿ ಹಾಕಿ ಅವಳನ್ನು ಹರಿದಿದ್ದರೆ, ಹಾಲ್‌ನಲ್ಲಿ ಚಪ್ಪಾಳೆಗೆ ತಲೆ ಬಗ್ಗಿಸಿದ್ದರೆ, ಅವಳು ನನ್ನ ಮೆಟ್ಟಿಲಿಗೆ ಬರುತ್ತಿರಲಿಲ್ಲ. ಬಂದಿದ್ದರೂ ನನ್ನ ಮಾತನ್ನು ನಂಬುತ್ತಿರಲಿಲ್ಲ. ಅಷ್ಟು ದಿನ ನನ್ನ ಜೋರು ಬಾಯಿಯನ್ನು ಹಿಡಿದು ನಿಲ್ಲಿಸಿದ ಸ್ವಾಮಿಗೆ ಸ್ತುತಿ. ನುಂಗಲಾರದ ಆ ಗಂಟಲಿಗೆ ಒಂದು ಚಮಚ ನೀರನ್ನು ಇಳಿಸಿದವರೂ ಅವರೇ ಎಂದು ನಾನು ನಂಬುತ್ತೇನೆ. ನನಗೆ ಕೆಲಸ ಸಿಗಲೆಂದು ನೀವು ಪ್ರಾರ್ಥಿಸಿದರೆ ಸಂತೋಷ. ಗುರುಪ್ರಸಾದರಿಗಾಗಿಯೂ ಪ್ರಾರ್ಥಿಸಿ. ಆ ದಿನ ಅವರು ಸ್ಕೂಟರನ್ನು ಬಹಳ ಜೋರು ಓಡಿಸಿದ್ದರು.